ಹುಲಿಗೆಮ್ಮನ ನಾಲ್ಕು ಹಲ್ಲುಗಳು

ಕೊರೊನಾ ಹಾವಳಿ ಮುಗಿದ ಮರುವರ್ಷ ನಾನು ಸಂಡೂರಿನ ಸರ್ಕಾರಿ ಆಸ್ಪತ್ರೆಯ ದಂತವೈದ್ಯೆಯ ಹುದ್ದೆಯಿಂದ ನಿವೃತ್ತಳಾಗಿ ಹೊಸಪೇಟೆಯಲ್ಲಿ ನೆಲೆಸಿದೆ. ಮನೆಯಲ್ಲಿ ಸುಮ್ಮನೆ ಕೂತು ಗೊತ್ತಿಲ್ಲದ ಜೀವ ನನ್ನದು. ಕಂಪ್ಲಿ ರಸ್ತೆಯಲ್ಲಿ ಒಂದು ಟ್ರಸ್ಟ್ ಉಚಿತ ಚಿಕಿತ್ಸಾಲಯ ನಡೆಸುತ್ತಿತ್ತು. ವಾರಕ್ಕೊಮ್ಮೆಯಾದರೂ ಬನ್ನಿ ಎಂದು ಅಲ್ಲಿನ ಕಾರ್ಯದರ್ಶಿ ಮನೆಗೇ ಬಂದು ಕೇಳಿದಾಗ ಒಪ್ಪಿಕೊಂಡೆ. ಪ್ರತಿ ಶನಿವಾರ ಹೋಗುತ್ತಿದ್ದೆ. ಬಾಡಿಗೆ ಮನೆಯೊಂದರ ನಡುಮನೆಯೇ ದಂತ ವಿಭಾಗ. ಹಳೆಯದೊಂದು ಕುರ್ಚಿ, ಯಾರೋ ದಾನ ಕೊಟ್ಟ ಸಣ್ಣ ಎಕ್ಸ್-ರೇ ಯಂತ್ರ, ಕುದಿಸಿದ ಉಪಕರಣಗಳ ಡಬ್ಬಿ ಇಷ್ಟೇ ಇದ್ದರೂ ಕೆಲಸ ಮಾತ್ರ ಕೈತುಂಬ ಇರುತ್ತಿತ್ತು. ಬುಕ್ಕಸಾಗರದ ಗದ್ದೆ ಕೆಲಸದವರು, ದರೋಜಿ ಕಡೆಯ ಕೂಲಿಯವರು, ಗಣಿ ಲಾರಿಗಳ ಡ್ರೈವರುಗಳು ಬರುತ್ತಿದ್ದರು.

ನಮ್ಮ ಕಡೆಯ ಬಾಯಿಗಳ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಈ ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ ಮಕ್ಕಳು ಆ ನೀರು ಕುಡಿದರೆ, ಹುಟ್ಟುವ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಗೆರೆ, ಆಮೇಲೆ ಕಂದು ಕಲೆ ಮೂಡುತ್ತವೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತೇವೆ. ನೋಡಿದವರಿಗೆ ಹಲ್ಲು ಕೊಳೆತಂತೆ ಕಾಣುತ್ತದೆ, ಆದರೆ ಕೊಳೆತಿರುವುದಿಲ್ಲ. ಹುಳುಕು ಹಲ್ಲನ್ನು, ನಾವು ಹಲ್ಲು ಪರೀಕ್ಷಿಸುವ ಲೋಹದ ಮೊನೆಕಡ್ಡಿಯಿಂದ ಒತ್ತಿದರೆ ಮೊನೆ ಒಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಈ ಕಲೆಯ ಹಲ್ಲು ಸಾಮಾನ್ಯವಾಗಿ ಹಾಗಲ್ಲ. ಕಡ್ಡಿ ಗಟ್ಟಿ ನೆಲಕ್ಕೆ ತಾಗಿದಂತೆ ಜಾರುತ್ತದೆ. ಬೇರು ಭದ್ರ, ಎಲುಬು ಭದ್ರ. ನನ್ನ ಸರ್ವಿಸಿನ ಮೊದಲ ವಾರವೇ ಹಿರಿಯ ವೈದ್ಯರೊಬ್ಬರು ನನ್ನ ಕೈಯಲ್ಲಿ ಕಡ್ಡಿ ಕೊಟ್ಟು ಇದನ್ನು ತೋರಿಸಿದ್ದರು. ಕಲಿಯಲು ಎರಡು ನಿಮಿಷ ಸಾಕು.

ಆ ಚಳಿಗಾಲ ಟ್ರಸ್ಟಿಗೆ ವಿದೇಶದಿಂದ ಸ್ವಯಂಸೇವಕರು ಬರುತ್ತಾರೆಂದು ಕಾರ್ಯದರ್ಶಿ ಸಂಭ್ರಮದಿಂದ ಹೇಳಿದ್ದರು. ಅವರನ್ನು ಕಳಿಸುತ್ತಿದ್ದುದು ಒಂದು ಏಜೆನ್ಸಿ. ಹುಡುಗ ಹುಡುಗಿಯರು ಅದಕ್ಕೆ ಹಣ ಕಟ್ಟಿ ಬರುತ್ತಾರೆ. ಬೆಳಿಗ್ಗೆ ಹಳ್ಳಿಯಲ್ಲಿ ಸೇವೆ, ಮಧ್ಯಾಹ್ನದ ಮೇಲೆ ಹಂಪಿ ದರ್ಶನ, ಸಂಜೆ ಗುಡ್ಡದ ಮೇಲೆ ಸೂರ್ಯಾಸ್ತ. ಟ್ರಸ್ಟಿಗೂ ಅದರಲ್ಲಿ ಒಂದು ಪಾಲು. ನಾನು ಕೇಳಿದ ಪ್ರಶ್ನೆ ಒಂದೇ: ಅವರು ಡಾಕ್ಟರರಾ? ಇನ್ನೂ ದಂತವೈದ್ಯಕೀಯ ಓದುತ್ತಿದ್ದಾರೆ, ಶಾಲೆಗಳಲ್ಲಿ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುತ್ತಾರೆ, ಅಷ್ಟೇ ಎಂದರು. ಒಳ್ಳೆಯದೇ ಆಯಿತು ಎಂದುಕೊಂಡೆ.

ಒಂದು ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಇಬ್ಬರು ಹೆಂಗಸರು ಜಗುಲಿಯಲ್ಲಿ ಕೂತಿದ್ದರು. ಚಿಕ್ಕವಳು ಸೆರಗಿನಿಂದ ಮುಖದ ಅರ್ಧ ಮುಚ್ಚಿಕೊಂಡಿದ್ದಳು. ಹೆಸರು ಹುಲಿಗೆಮ್ಮ, ವಯಸ್ಸು ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಊರು ದರೋಜಿ ರಸ್ತೆಯ ಒಂದು ಹಳ್ಳಿ. ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಬಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಜೊತೆಗಿದ್ದವಳು ತಾಯಿ ಈರಮ್ಮ, ಬಾಳೆ ತೋಟಗಳಿಗೆ ಕೂಲಿಗೆ ಹೋಗುವವಳು.

ಕುರ್ಚಿಯಲ್ಲಿ ಕೂರಿಸಿ ಸೆರಗು ಸರಿಸಿದೆ. ಮೇಲ್ದುಟಿ ಊದಿ ಮೂಗಿಗೆ ಹತ್ತಿತ್ತು. ಮೈ ಬಿಸಿ ಇತ್ತು. ಬಾಯಿ ತೆರೆಸಿದಾಗ ಮೇಲಿನ ಮುಂಭಾಗದ ನಾಲ್ಕು ಹಲ್ಲುಗಳೂ ಇರಲಿಲ್ಲ. ಹೊಲಿಗೆ ಹಾಕದೆ ಬಿಟ್ಟ ನಾಲ್ಕು ಗುಳಿಗಳು. ಒಂದರಲ್ಲಿ ಮುರಿದ ಬೇರಿನ ತುದಿ ಉಳಿದಿತ್ತು. ಹಲ್ಲು ಹಿಡಿದುಕೊಳ್ಳುವ ಎಲುಬಿನ ಮುಂಗೋಡೆ ಸೀಳಿ, ಬೆರಳಿಟ್ಟರೆ ಅಲುಗುತ್ತಿತ್ತು. ಕೀವು ಇಳಿಯುತ್ತಿತ್ತು. ಏನೋ ಅಪಘಾತವಾಗಿರಬೇಕು, ಬೈಕಿನಿಂದ ಬಿದ್ದಿರಬೇಕು ಎಂದೇ ನಾನು ಭಾವಿಸಿದ್ದು. ಹಾಗೆಂದು ಕೇಳಿದೆ ಕೂಡ.

ಈರಮ್ಮ ಸೊಂಟದಲ್ಲಿ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿ, ಅದರೊಳಗಿನ ಬಿಳಿ ಬಟ್ಟೆ ಬಿಡಿಸಿ ನನ್ನ ಮುಂದೆ ಹಿಡಿದಳು. ನಾಲ್ಕು ಹಲ್ಲುಗಳು.

"ತೊಳದು ಇಟ್ಕೊಂಡೀನ್ರಿ ಡಾಕ್ಟ್ರಮ್ಮ. ಇವನ್ನ ತಿರುಗಿ ಕೂಡ್ಸಾಕ ಬರ್ತೈತೇನ್ರಿ?"

ಹಲ್ಲು ಕಿತ್ತು ಮೂರು ದಿನವಾಗಿತ್ತು. ಪೆಟ್ಟಿಗೆ ಉದುರಿದ ಹಲ್ಲನ್ನು ಕೂಡಲೇ ತಂದರೆ, ಅದೂ ಒಣಗದಂತೆ ಹಾಲಿನಲ್ಲಿಟ್ಟು ತಂದರೆ, ಮತ್ತೆ ಕೂರಿಸುವುದುಂಟು. ಇವು ಒಣಗಿ ಸತ್ತಿದ್ದವು. ಬರುವುದಿಲ್ಲ ಎಂದು ಹೇಳಿದೆ. ಅವಳು ಅವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ಹೊರಟಾಗ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಂದು ಕಲೆ ಇತ್ತು. ಅದನ್ನು ಬಿಟ್ಟರೆ ಎಲ್ಲೂ ತೂತಿಲ್ಲ, ಹುಳುಕಿಲ್ಲ. ಮುರಿಯದ ಮೂರು ಹಲ್ಲುಗಳ ಬೇರು ಉದ್ದಕ್ಕೆ, ನೇರಕ್ಕೆ, ಪಠ್ಯಪುಸ್ತಕದ ಚಿತ್ರದಂತಿತ್ತು. ಕಡ್ಡಿ ತೆಗೆದುಕೊಂಡು ಒಂದೊಂದನ್ನೂ ಒತ್ತಿದೆ. ಕಡ್ಡಿ ಜಾರಿತು. ಇನ್ನೂ ನಲವತ್ತು ವರ್ಷ ಬಾಳುವ ಹಲ್ಲುಗಳು.

ಹುಲಿಗೆಮ್ಮ ನಡೆದುದನ್ನು ಹೇಳಿದಳು. ಮುಂಭಾಗದ ಹಲ್ಲಿಲ್ಲದೆ ಮಾತು ಗಾಳಿಯಾಗಿ ಸೋರುತ್ತಿತ್ತು, ಕೆಲವು ಶಬ್ದಗಳನ್ನು ಎರಡೆರಡು ಸಲ ಹೇಳಬೇಕಾಯಿತು. ಬುಧವಾರ ಅವರ ಊರಿನಲ್ಲಿ ಕ್ಯಾಂಪ್ ಆಗಿತ್ತು. ಫಾರಿನ್ ಡಾಕ್ಟರರು ಬಂದು ಹಲ್ಲು ನೋಡುತ್ತಾರೆಂದು ಹಿಂದಿನ ದಿನ ಆಟೋದಲ್ಲಿ ಮೈಕು ಕಟ್ಟಿ ಕೂಗಿದ್ದರು. ಅಂಗಡಿಗೆ ರಜೆ ಹಾಕಿ ಹೋಗಿದ್ದಳು. ಗಿರಾಕಿಗಳ ಮುಂದೆ ಬಾಯಿ ಬಿಟ್ಟು ನಗಲು ಅವಳಿಗೆ ನಾಚಿಕೆಯಿತ್ತು.

"ಬೆಳ್ಳಗ ಮಾಡ್ತಾರಂತ ಹೋಗಿದ್ನಿರಿ. ಇವು ಹೋಗ್ಯಾವು, ತಗದು ಹೊಸಾವು ಹಾಕಬೇಕು ಅಂದ್ರು. ಹ್ಞೂಂ ಅಂದೆ. ತಗದು, ಹತ್ತಿ ಕಚ್ಚಿಸಿ, ಮುಂದಿನವ್ರು ಬರ್ರಿ ಅಂದ್ರು."

ಹೊಸ ಹಲ್ಲು ಅಂದೇ, ಆ ಕುರ್ಚಿಯಲ್ಲೇ ಹಾಕುತ್ತಾರೆಂದು ಅವಳು ತಿಳಿದಿದ್ದಳು. ಮುಂದಿನವರು ಬಂದು ಕೂತ ಮೇಲೂ ಪಕ್ಕದಲ್ಲಿ ನಿಂತೇ ಇದ್ದಳಂತೆ. ದುಭಾಷಿಯಾಗಿ ಬಂದಿದ್ದ ಟ್ರಸ್ಟಿನ ಉದ್ಯೋಗಿಯೊಬ್ಬಳು, ಎಲ್ಲಾ ಆಯ್ತಲ್ಲ, ಮನೆಗೆ ಹೋಗು ಅಂದಾಗಲೇ ಅವಳಿಗೆ ತಿಳಿದದ್ದು. ಮರುದಿನ ನೋವು, ಜ್ವರ. ಅದರ ಮರುದಿನ ಅಂಗಡಿಗೆ ಹೋದರೆ ಮಾಲೀಕರು ಕೌಂಟರಿನಿಂದ ಎಬ್ಬಿಸಿ ಗೋದಾಮಿನಲ್ಲಿ ಸೀರೆ ಮಡಚಲು ಕಳಿಸಿದ್ದರು.

ಅವಳು ಬಯಸಿದ್ದು ಅಸಾಧ್ಯವಾದದ್ದಲ್ಲ. ಕಲೆಯನ್ನು ಮೇಲುಮೇಲಕ್ಕೆ ತಿಕ್ಕಿ, ಹಲ್ಲಿನ ಬಣ್ಣದ ಲೇಪ ಹಚ್ಚಿ ಗಟ್ಟಿ ಮಾಡಿದರೆ ಸಾಕು. ನೋವಿಲ್ಲ, ಸೂಜಿಯಿಲ್ಲ, ಒಂದು ಮಧ್ಯಾಹ್ನದ ಕೆಲಸ. ನಾನೇ ಎಷ್ಟೋ ಮಂದಿಗೆ ಮಾಡಿಕೊಟ್ಟಿದ್ದೆ. ಶನಿವಾರದವರೆಗೆ ಯಾರಾದರೂ ಅವಳಿಗೆ ಕಾಯಲು ಹೇಳಿದ್ದರೆ ಸಾಕಿತ್ತು.

ಎಕ್ಸ್-ರೇ ತೆಗೆದು ನೋಡಿ, ಅರಿವಳಿಕೆ ಕೊಟ್ಟು ಬೇರಿನ ತುದಿ ತೆಗೆದೆ, ಎಲುಬಿನ ಚೂರುಗಳನ್ನು ತೆಗೆದು, ಉಳಿದದ್ದನ್ನು ಒತ್ತಿ ಕೂರಿಸಿ ಹೊಲಿದೆ. ಮುಗಿಸಿ ಕೈಗವಸು ತೆಗೆದೆ. ಕ್ಯಾಂಪ್ ಇವತ್ತು ಎಲ್ಲಿ ಎಂದು ಔಷಧಿ ಕೊಡುವ ನರ್ಸನ್ನು ಕೇಳಿದೆ. ಇನ್ನೂ ಎರಡು ಊರು ಬಾಕಿ ಇದೆ, ಇವತ್ತು ಪಕ್ಕದ ಹಳ್ಳಿಯ ಸಮುದಾಯ ಭವನದಲ್ಲಿ ಎಂದಳು. ಕಾದಿದ್ದ ರೋಗಿಗಳ ಕ್ಷಮೆ ಕೇಳಿ ಕಾರು ತೆಗೆದೆ. ಹಲ್ಲುಗಳನ್ನು ಈರಮ್ಮನಿಂದ ಕೇಳಿ ಇಸಿದುಕೊಂಡಿದ್ದೆ.

ಸಮುದಾಯ ಭವನದ ಬಾಗಿಲಲ್ಲಿ ಫ್ಲೆಕ್ಸ್ ಇತ್ತು, ಕಾರ್ಯದರ್ಶಿಯ ಫೋಟೋ ಇತ್ತು. ಮೆಟ್ಟಿಲ ಮೇಲೆ ಸ್ವಯಂಸೇವಕರು ಕುಡಿಯಲು ಬಾಟಲಿ ನೀರಿನ ಪೆಟ್ಟಿಗೆಗಳು. ಭವನದ ಪಕ್ಕದಲ್ಲೇ ಊರಿನ ಶುದ್ಧ ನೀರಿನ ಘಟಕ, ಬೀಗ ಹಾಕಿ, ಬೀಗಕ್ಕೂ ತುಕ್ಕು ಹಿಡಿದಿತ್ತು. ಹಲ್ಲು ನೋಡಲು ಸಮುದ್ರ ದಾಟಿ ಬಂದವರಲ್ಲಿ ಒಬ್ಬರೂ ಈ ಜನರ ಹಲ್ಲೆಲ್ಲ ಯಾಕೆ ಒಂದೇ ಬಣ್ಣ ಎಂದು ಕೇಳಿರಲಿಲ್ಲ.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ರೋಗಿಗಳು, ತಲೆಯ ಮೇಲೆ ಬ್ಯಾಟರಿ ಕಟ್ಟಿಕೊಂಡ ವಿದ್ಯಾರ್ಥಿಗಳು. ಮೇಲ್ವಿಚಾರಣೆಗೆಂದು ಇದ್ದಾತ ಏಜೆನ್ಸಿಯ ಪ್ರವಾಸ ವ್ಯವಸ್ಥಾಪಕ, ದಂತವೈದ್ಯನಲ್ಲ. ಮೊದಲ ಕುರ್ಚಿಯಲ್ಲಿ ಒಬ್ಬ ಕುರಿಗಾಹಿ ಹಿರಿಯ ಬಾಯಿ ತೆರೆದು ಕೂತಿದ್ದ. ಅವನ ಮೇಲೆ ಬಾಗಿದ್ದವಳು ಕ್ಲಾರಾ ಎಂಬ ಹುಡುಗಿ. ಹೆಸರು ಅಂಗಿಯ ಮೇಲೆ ಬರೆದಿತ್ತು. ಸೂಜಿ ಕೊಟ್ಟಾಗಿತ್ತು, ಇಕ್ಕಳ ಕೈಯಲ್ಲಿತ್ತು. ನಾನು ಹೋಗಿ ಅವಳ ಮಣಿಕಟ್ಟು ಹಿಡಿದೆ. ಇಕ್ಕಳ ತೆಗೆದುಕೊಂಡು ನನ್ನ ಚೀಲಕ್ಕೆ ಹಾಕಿದೆ.

ಯಾವ ಹಲ್ಲು, ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮುಂದಿನವು, ತೀವ್ರ ಹುಳುಕು ಎಂದಳು. ಕಡ್ಡಿ ಕೈಗೆ ಕೊಟ್ಟು, ಒತ್ತಿ ನೋಡು ಎಂದೆ. ಒತ್ತಿದಳು, ಜಾರಿತು. ಇನ್ನೊಂದನ್ನು ಒತ್ತಿಸಿದೆ. ಅದೂ ಜಾರಿತು. ಆಮೇಲೆ ಹುಲಿಗೆಮ್ಮನ ಹಲ್ಲುಗಳನ್ನು ಅವಳ ಅಂಗೈಯಲ್ಲಿಟ್ಟು, ಇವನ್ನೂ ಒತ್ತಿ ನೋಡು ಎಂದೆ. ಬುಧವಾರ ಅವನ್ನು ಕಿತ್ತವಳು ಅವಳೇ, ಅವು ಯಾರವೆಂದು ನೆನಪಿತ್ತು. ಒತ್ತಿ ನೋಡದೆಯೇ ಕಡ್ಡಿಯನ್ನು ಕೆಳಗಿಟ್ಟಳು. ನಿನ್ನ ಕಾಲೇಜಿನಲ್ಲಿ ಇದುವರೆಗೆ ಎಷ್ಟು ಹಲ್ಲು ಕಿತ್ತಿದ್ದೀಯ ಎಂದು ಕೇಳಿದೆ. ಒಂದೂ ಇಲ್ಲ; ಅಲ್ಲಿ ಮುಂದಿನ ವರ್ಷದಿಂದ, ಅದೂ ಪ್ರಾಧ್ಯಾಪಕರು ಪಕ್ಕದಲ್ಲಿ ನಿಂತಾಗ ಮಾತ್ರ ಎಂದಳು. ಹೇಳುತ್ತಲೇ ಅಳಲು ಶುರುಮಾಡಿದಳು.

ನನ್ನ ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು ಎಂದು ನಂತರ ಕೆಲವರು ಹೇಳಿದರು. ಇಳಿಯಲಿಲ್ಲ, ಏರಿತು. ಯಾಕೆಂದರೆ ಸಾಲಿನಲ್ಲಿ ಕೂತಿದ್ದ ಹೆಂಗಸರು ಎದ್ದು ಬಂದು ಆ ಹುಡುಗಿಯ ಬೆನ್ನು ಸವರಿದರು. ಒಬ್ಬಾಕೆ ನೀರು ಕೊಟ್ಟಳು. ದೂರದಿಂದ ಬಂದ ಮಗು, ಬಿಡ್ರಿ ಎಂದು ನನಗೇ ಸಮಾಧಾನ ಹೇಳಿದರು. ನಮ್ಮ ಜನರ ಈ ಗುಣ ನನಗೆ ಗೊತ್ತಿಲ್ಲದ್ದೇನಲ್ಲ. ಅದನ್ನೇ ನಂಬಿಕೊಂಡು ಆ ಏಜೆನ್ಸಿ ಇಂಥ ಊರುಗಳನ್ನು ಹುಡುಕಿಕೊಂಡು ಬರುತ್ತದೆ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಬುಧವಾರ ಹುಲಿಗೆಮ್ಮ ಹತ್ತಿ ಕಚ್ಚಿಕೊಂಡು ನಿಂತಿದ್ದಾಗ ಅವಳ ಬೆನ್ನು ಸವರಲು ಯಾರೂ ಇರಲಿಲ್ಲ.

ಕುರಿಗಾಹಿ ಹಿರಿಯ ಮಾತ್ರ ನನ್ನ ಕಡೆ ಅಸಮಾಧಾನದಿಂದ ನೋಡಿ, ಅರಿವಳಿಕೆಯಿಂದ ಜೋತ ತುಟಿಯಲ್ಲೇ ತನ್ನ ಪಾಳಿ ತಪ್ಪಿತೇ ಎಂದು ಕೇಳಿದ. ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದನಂತೆ. ನಿನ್ನ ಹಲ್ಲು ಚೆನ್ನಾಗಿವೆ, ಕೀಳುವಂಥದ್ದೇನೂ ಇಲ್ಲ ಎಂದು ಅವನಿಗೆ ನಂಬಿಸಲು ಬಹಳ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಕಾರ್ಯದರ್ಶಿ ಬಂದರು. ನನ್ನನ್ನು ಪಕ್ಕಕ್ಕೆ ಕರೆದರು. ಅತಿಥಿಗಳ ಮುಂದೆ ಹೀಗೆ ಮಾಡಬಾರದಿತ್ತು, ಅವರು ಮುನಿಸಿಕೊಂಡು ಹೋದರೆ ಚಿಕಿತ್ಸಾಲಯವನ್ನೇ ಮುಚ್ಚಬೇಕಾಗುತ್ತದೆ, ನಿಮ್ಮ ಶನಿವಾರವೂ ಇರುವುದಿಲ್ಲ ಎಂದರು. ಸಣ್ಣಪುಟ್ಟ ತಪ್ಪು ದೊಡ್ಡ ಡಾಕ್ಟರರಿಂದಲೂ ಆಗುತ್ತದೆ ಎಂದರು. ಕೊನೆಗೆ, ನನಗೆ ಬುದ್ಧಿ ಹೇಳುವ ದನಿಯಲ್ಲಿ, "ಏನೂ ಇಲ್ಲದ ಕಡಿಗೆ ಇಷ್ಟಾದ್ರೂ ಬರ್ತೈತಲ್ರಿ ಮೇಡಂ" ಎಂದರು.

"ಏನೂ ಇಲ್ಲದಾಗ ಆಕಿ ಬಾಯಾಗ ಹಲ್ಲಿದ್ವು" ಎಂದೆ.

ಭವನದಿಂದಲೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಿದೆ. ಸಂಜೆ ಲಿಖಿತ ದೂರು ಕೊಟ್ಟೆ. ನಮ್ಮ ದೇಶದಲ್ಲಿ ನೋಂದಣಿ ಇಲ್ಲದವರು ದಂತ ಚಿಕಿತ್ಸೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಅವರು ಎಲ್ಲಿಂದ ಬಂದವರಾದರೂ, ಬಿಟ್ಟಿ ಮಾಡಿದರೂ, ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅಷ್ಟೇ. ಕ್ಯಾಂಪ್ ಅಂದೇ ನಿಂತಿತು. ವಿದ್ಯಾರ್ಥಿಗಳನ್ನು ಏಜೆನ್ಸಿ ಎರಡು ದಿನದಲ್ಲೇ ಊರು ಬಿಡಿಸಿತು. ಟ್ರಸ್ಟು ನನಗೆ ಇನ್ನು ಮುಂದೆ ಬರುವುದು ಬೇಡ ಎಂದು ಹೇಳಿ ಕಳಿಸಿತು.

ಹುಲಿಗೆಮ್ಮನ ಗಾಯ ಮಾಯುವವರೆಗೆ ಖಾಯಂ ಹಲ್ಲು ಕಟ್ಟುವಂತಿರಲಿಲ್ಲ. ಹೊಸಪೇಟೆಯಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದ ನನ್ನ ಹಳೆಯ ಸಹಪಾಠಿಯ ಹತ್ತಿರ ಅವಳಿಗೆ ತಾತ್ಕಾಲಿಕ ಪ್ಲೇಟ್ ಮಾಡಿಸಿದೆ. ಬೇಕಾದಾಗ ಹಾಕಿ ತೆಗೆಯಬಹುದಾದ ನಾಲ್ಕು ಕೃತಕ ಹಲ್ಲುಗಳ ಪಟ್ಟಿ ಅದು. ಹಾಕಿ ಕನ್ನಡಿ ಹಿಡಿದೆ. ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ತೆಗೆದು ಪರ್ಸಿನೊಳಗಿಟ್ಟಳು. ಹತ್ತು ದಿನ ಕಳೆದು ವಿಚಾರಣೆಯಿತ್ತು.

"ಅವ್ರು ನೋಡ್ಲಿರಿ ಮದ್ಲ. ಆಮ್ಯಾಲೆ ಹಾಕ್ಕೊಂತೀನಿ" ಎಂದಳು.

ಅಂಗಡಿಯಲ್ಲಿ ಇನ್ನಷ್ಟು ದಿನ ಗೋದಾಮಿನಲ್ಲೇ ಇರಬೇಕಾಗುತ್ತದಲ್ಲ ಎಂದು ನಾನು, ಮನೆಗೆ ಬಂದವರೆಲ್ಲ ಕೇಳುತ್ತಾರೆಂದು ತಾಯಿ, ಇಬ್ಬರೂ ಹೇಳಿ ನೋಡಿದೆವು. ಕೇಳಲಿಲ್ಲ.

ಆ ಹಳ್ಳಿಗಳು ಸಂಡೂರು ತಾಲ್ಲೂಕಿಗೆ ಸೇರಿದ್ದರಿಂದ ವಿಚಾರಣೆ ನಡೆದದ್ದು ಸಂಡೂರಿನಲ್ಲಿ. ಉದ್ದನೆಯ ಮೇಜಿನ ಒಂದು ಕಡೆ ಅಧಿಕಾರಿಗಳು, ಇನ್ನೊಂದು ಕಡೆ ಕಾರ್ಯದರ್ಶಿ ಮತ್ತು ಅವರ ವಕೀಲರು. ವಕೀಲರು ತುಂಬ ಚೆನ್ನಾಗಿ ಮಾತಾಡಿದರು. ಕೆಟ್ಟು ಹೋದ ಹಲ್ಲುಗಳನ್ನು ಮಾತ್ರ ತೆಗೆಯಲಾಗಿದೆ, ರೋಗಿಗಳು ಸಹಿ ಹಾಕಿ ಒಪ್ಪಿದ್ದಾರೆ, ಊರಿನವರು ಸ್ವಯಂಸೇವಕರಿಗೆ ಹಾರ ಹಾಕಿ ಕಳಿಸಿಕೊಟ್ಟಿದ್ದಾರೆ ಎಂದರು. ನಾನು ಎಕ್ಸ್-ರೇ ತೋರಿಸಿದೆ, ಹಲ್ಲುಗಳನ್ನು ಮೇಜಿನ ಮೇಲಿಟ್ಟೆ, ಫ್ಲೋರೋಸಿಸ್ ಎಂದರೇನೆಂದು ವಿವರಿಸಿದೆ. ಹಲ್ಲನ್ನು ನೋಡಿದರೆ ಮಾಮೂಲು ಜನರಿಗೆ ಕೆಟ್ಟಂತೆಯೇ ಕಾಣುವುದಿಲ್ಲವೇ ಎಂದು ವಕೀಲರು ನನ್ನನ್ನು ಕೇಳಿದರು. ಮಾಮೂಲು ಜನ ಇಕ್ಕಳ ಹಿಡಿಯುವುದಿಲ್ಲ ಎಂದೆ.

ಕೊನೆಗೆ ಅಧಿಕಾರಿ ಹುಲಿಗೆಮ್ಮನಿಗೆ ಏನಾದರೂ ಹೇಳುವುದಿದೆಯೇ ಎಂದರು. ಅವಳು ಎದ್ದು ನಿಂತು ಸೆರಗು ಇಳಿಸಿದಳು. ಸೀರೆ ಅಂಗಡಿಯ ಸಮವಸ್ತ್ರದಲ್ಲೇ ಬಂದಿದ್ದಳು. ಇಷ್ಟು ದಿನ ನನ್ನ ಎದುರಿಗೂ ಅಂಗೈ ಅಡ್ಡ ಹಿಡಿದು ಮಾತಾಡುತ್ತಿದ್ದವಳು ಅಂದು ಕೈಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ, ಎಲ್ಲರಿಗೂ ಬಾಯೊಳಗಿನದು ಕಾಣುವಂತೆ ಮಾತಾಡಿದಳು.

"ನನ್ನ ಹಲ್ಲು ಕೆಟ್ಟಿದ್ದಿಲ್ರಿ ಸಾಹೇಬ್ರ. ಬಣ್ಣ ಇತ್ತು, ಅಷ್ಟ. ಬಣ್ಣ ಇದ್ರ ಕಿತ್ತು ಬಿಡ್ತಾರೇನ್ರಿ?"

ಮಾತು ಸೋರಿದರೂ ಒಂದಕ್ಷರವೂ ಯಾರಿಗೂ ತಪ್ಪಲಿಲ್ಲ. ವಕೀಲರು ಕಾಗದಗಳನ್ನು ಜೋಡಿಸತೊಡಗಿದರು. ಕಾರ್ಯದರ್ಶಿ ಕಿಟಕಿಯ ಕಡೆ ನೋಡಿದರು. ಅವಳು ಕೂರಲಿಲ್ಲ. ಉತ್ತರ ಬರುವವರೆಗೆ ನಿಂತೇ ಇದ್ದಳು. ಇಲ್ಲಮ್ಮ, ಕೀಳಬಾರದು ಎಂದು ಅಧಿಕಾರಿ ಹೇಳಿದ ಮೇಲೆ ಕೂತಳು.

ಟ್ರಸ್ಟಿನ ಕ್ಯಾಂಪುಗಳ ಪರವಾನಗಿ ರದ್ದಾಯಿತು. ಹುಲಿಗೆಮ್ಮನಿಗೆ ಖಾಯಂ ಹಲ್ಲು ಕಟ್ಟಿಸಿಕೊಡಬೇಕೆಂದು ಆದೇಶವಾಯಿತು. ಅವರು ಕಟ್ಟಿಸಿಕೊಟ್ಟರು, ಅದೂ ನಾನು ಮೂರು ಸಲ ನೆನಪಿಸಿದ ಮೇಲೆ. ಅದಕ್ಕಾಗಿ ಎರಡೂ ಪಕ್ಕದ ಒಳ್ಳೆಯ ಕೋರೆಹಲ್ಲುಗಳನ್ನು ಸವೆಸಿ ಆಧಾರ ಮಾಡಬೇಕಾಯಿತು. ಒಂದು ತಪ್ಪಿಗೆ ಆರು ಹಲ್ಲು ಹೋದಂತಾಯಿತು. ಅವಳು ಈಗ ಮತ್ತೆ ಕೌಂಟರಿನಲ್ಲಿದ್ದಾಳೆ. ಏಜೆನ್ಸಿಗೆ ಏನೂ ಆಗಲಿಲ್ಲ. ಅದರ ಕಚೇರಿ ಯಾವ ದೇಶದಲ್ಲಿದೆ ಎಂಬುದೇ ಕೊನೆಯವರೆಗೆ ಸ್ಪಷ್ಟವಾಗಲಿಲ್ಲ.

ಕ್ಲಾರಾಳ ಬಗ್ಗೆ ನನಗೆ ಏನನಿಸುತ್ತದೆ ಎಂದು ಕೇಳುವವರಿದ್ದಾರೆ. ಅವಳು ಕೆಟ್ಟವಳಲ್ಲ. ಕೈ ಕಲಿಯಬೇಕೆಂಬ ಆಸೆಯಿದ್ದ ಹುಡುಗಿ. ಆದರೆ ತನ್ನ ಊರಿನ ಹೆಂಗಸಿನ ಬಾಯಿಗೆ ಹಾಕಲು ಹಕ್ಕಿಲ್ಲದ ಕೈಯನ್ನು ಹುಲಿಗೆಮ್ಮನ ಬಾಯಿಗೆ ಹಾಕಬಹುದೆಂದು ಅವಳು ನಂಬಿದ್ದಳು. ನಂಬಿಸಿದವರು ನಮ್ಮವರು. ಸರ್ವಿಸಿನಲ್ಲಿದ್ದಷ್ಟು ಕಾಲ ವೈದ್ಯರಿಗೆ ಸಿಟ್ಟು ಬರಬಾರದು ಎಂದು ಹಿರಿಯರು ಹೇಳುತ್ತಿದ್ದರು, ನಾನೂ ಕಿರಿಯರಿಗೆ ಅದನ್ನೇ ಹೇಳಿದೆ. ಈಗ ಹೇಳುವುದಿಲ್ಲ. ರೋಗಿಯ ಮೇಲೆ ಬರಬಾರದು, ನಿಜ. ರೋಗಿಯ ಪರವಾಗಿ ಬಂದ ಸಿಟ್ಟನ್ನು ಇಳಿಸಿಕೊಳ್ಳದೆ ಕಾಪಾಡಿಕೊಳ್ಳುವುದು ಈ ಕೆಲಸದ ಒಂದು ಭಾಗ. ಬಿಟ್ಟಿ ಕೊಡುವವನನ್ನೂ ಹಣ ತೆಗೆದುಕೊಳ್ಳುವವನಷ್ಟೇ ಬಿಗಿಯಾಗಿ ಪ್ರಶ್ನಿಸಬೇಕು ಎಂಬುದು ನಾನು ನಿವೃತ್ತಿಯ ನಂತರ ಕಲಿತ ಪಾಠ.

ಮರುವರ್ಷದ ಚಳಿಗಾಲ ಇನ್ನೊಂದು ಸಂಸ್ಥೆಯವರು ಫೋನ್ ಮಾಡಿದರು. ವಿದೇಶಿ ವಿದ್ಯಾರ್ಥಿಗಳ ದಂತ ಶಿಬಿರ ಇದೆ, ನಿಮ್ಮಂಥ ಅನುಭವಿಗಳ ಹೆಸರು ಕರಪತ್ರದಲ್ಲಿದ್ದರೆ ಚೆನ್ನ ಎಂದರು. ಆ ಹುಡುಗರಿಗೆ ಅವರ ದೇಶದಲ್ಲಿ ಹಲ್ಲು ಕೀಳಲು ಅನುಮತಿ ಇದೆಯೇ ಎಂದು ಕೇಳಿದೆ.

"ಅಲ್ಲಿ ಎಲ್ಲಿ ಬಿಡ್ತಾರ್ರಿ ಮೇಡಂ, ಅದಕ್ಕ ಅಲ್ಲೇನ್ರಿ ಇಲ್ಲಿಗೆ ಬರೋದು" ಎಂದರು. ದನಿಯಲ್ಲಿ ಯಾವ ಅಳುಕೂ ಇರಲಿಲ್ಲ.

ಯಾವ ಊರು, ಯಾವ ದಿನ ಎಂದು ಕೇಳಿದೆ. ಸಂತೋಷದಿಂದ ಹೇಳಿದರು. ಫೋನಿಟ್ಟ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿದೆ. ಅವರು ಹೊತ್ತಿಗೆ ಸರಿಯಾಗಿ ಬಂದಾರೆಂಬ ನಂಬಿಕೆ ಇರಲಿಲ್ಲ. ಆಮೇಲೆ ಸೀರೆ ಅಂಗಡಿಗೆ ಹೋಗಿ ಹುಲಿಗೆಮ್ಮನಿಗೆ ಹೇಳಿದೆ. ಶಿಬಿರದ ದಿನ ಬೆಳಿಗ್ಗೆ ಅವರ ವ್ಯಾನು ಬರುವ ಮೊದಲೇ ನಾವಿಬ್ಬರೂ ಆ ಊರಿನ ಶಾಲೆಯ ಬಾಗಿಲಲ್ಲಿ ನಿಂತಿದ್ದೆವು. ಚಿಕಿತ್ಸೆಗೆಂದು ಬಂದ ಒಬ್ಬೊಬ್ಬ ಹೆಂಗಸನ್ನೂ ಹುಲಿಗೆಮ್ಮ ತಡೆದು ನಿಲ್ಲಿಸಿ, ಅವ್ವಾ, ಮೊದಲು ನನ್ನ ಮಾತು ಕೇಳು ಎನ್ನುತ್ತಿದ್ದಳು.